ಮಳೆ ಮೊರದಲ್ಲಿದೆ, ಊರು ದನಿಯಲ್ಲಿದೆ: ಶಾಲೆ ಮಕ್ಕಳಿಂದ ನೇರ ರೇಡಿಯೋ ನಾಟಕ

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ನಾಟಕ ತಂಡದಲ್ಲಿ 8 ಮತ್ತು 9ನೇ ತರಗತಿಯ 22 ಮಕ್ಕಳಿದ್ದಾರೆ. ಈ ಸಲದ ಗ್ಯಾದರಿಂಗಿಗೆ (ಶಾಲಾ ವಾರ್ಷಿಕೋತ್ಸವಕ್ಕೆ) ಜನರ ಎದುರಿಗೇ ರೇಡಿಯೋ ನಾಟಕ ಆಡಿಸೋ ಆಸೆ. ಮೈಕಿನ ಮುಂದೆ ನಿಂತು ಮಾತು, ಸದ್ದುಗಳೂ ಅಲ್ಲೇ. ಶಾಲೆಯಲ್ಲಿ ಮೂರು ಮೈಕು, ಒಂದು ಸಣ್ಣ ಸೌಂಡ್ ಮಿಕ್ಸರ್ ಇವೆ. ಆರು ವಾರ ಟೈಮ್ ಇದೆ. ಯಾವ ಕಥೆ ತಗೊಳ್ಳಲಿ? ಮಳೆ, ಗುಡುಗು ಎಲ್ಲ ಫೋನಿನಿಂದ ಹಾಕಿದರೆ ಸಾಲದಾ? ಮಕ್ಕಳು ಹಾಳೆ ಹಿಡಿದು ನಿಂತರೆ ಜನ ಬೇಸರವಾಗಿ ಎದ್ದು ಹೋಗಲ್ವಾ?

ಉತ್ತರ: ಮೇಡಂ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹಾಳೆ ನೋಡಿ ಓದಿದರೆ ಜನ ಖಂಡಿತ ಎದ್ದು ಹೋಗುತ್ತಾರೆ. ಆದರೆ ಹಾಳೆ ಹಿಡಿದುಕೊಂಡೇ ಒಬ್ಬರ ಮಾತನ್ನು ಇನ್ನೊಬ್ಬರು ನಿಜವಾಗಿ ಕೇಳಿಸಿಕೊಂಡು ಉತ್ತರ ಕೊಟ್ಟರೆ ಯಾರೂ ಅಲುಗಾಡಲ್ಲ. ಇಡೀ ಕೆಲಸ ಇರೋದು ಇಲ್ಲೇ. ಆರು ವಾರದಲ್ಲಿ ಮೊದಲ ಎರಡು ವಾರ ಮಕ್ಕಳಿಗೆ ಮಾತು ಕಲಿಸಬೇಡಿ, ಕೇಳೋದನ್ನು ಕಲಿಸಿ.

ನಮ್ಮ ಕಡೆ ಇದು ಸ್ವಲ್ಪ ಕಷ್ಟ, ಯಾಕೆ ಅಂತ ನಿಮಗೂ ಗೊತ್ತಿರುತ್ತೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಕ್ಕಳಿಗೆ ನಾಟಕ ಅಂದರೆ ಕಂಪನಿ ನಾಟಕದ ದನಿ, ಇಲ್ಲಾ ಶ್ರೀಕೃಷ್ಣ ಪಾರಿಜಾತ ಬಯಲಾಟದ ದನಿ. ಏಣಗಿ ಬಾಳಪ್ಪನವರಂಥ ನಟರು ರಂಗಕ್ಕೆ ಬಂದಾಗ ಮೈಕು ಎಲ್ಲಿತ್ತು? ಕಟ್ಟಕಡೆಯ ಸಾಲಿನಲ್ಲಿ ಕೂತವನಿಗೂ ಕೇಳಬೇಕು ಅಂದರೆ ಹೊಟ್ಟೆಯಿಂದ ದನಿ ತೆಗೆಯಲೇಬೇಕಿತ್ತು. ದೊಡ್ಡ ವಿದ್ಯೆ ಅದು. ಆದರೆ ಮೈಕಿನ ಮುಂದೆ ಅದೇ ದನಿ ತೆಗೆದರೆ ಕೇಳುವವರ ಕಿವಿಗೆ ಬಡಿಗೆಯಿಂದ ಹೊಡೆದ ಹಾಗಾಗುತ್ತೆ. ರೇಡಿಯೋದಲ್ಲಿ ಕೇಳುವವರು ಒಬ್ಬರೇ. ಅಡುಗೆಮನೆಯಲ್ಲಿ, ಇಲ್ಲಾ ಹಾಸಿಗೆಯಲ್ಲಿ ಇರುತ್ತಾರೆ. ಅವರ ಕಿವಿ ಒಂದು ಗೇಣು ದೂರದಲ್ಲಿದೆ.

ಬೆಳಗಾವಿಯಲ್ಲಿ ನಾನು ಮೊದಲು ಹೀಗೆ ನಾಟಕ ಮಾಡಿಸಿದಾಗ 9ನೇ ತರಗತಿಯ ಒಬ್ಬ ಹುಡುಗ ಇದ್ದ. ಅಜ್ಜ ಕಂಪನಿಯಲ್ಲಿ ಪಾರ್ಟು ಮಾಡಿದವರು. ಹುಡುಗನದು ಬಂಗಾರದಂಥ ಗಂಟಲು, ಆದರೆ ಪ್ರತಿ ಮಾತೂ ಸಾವಿರ ಜನರಿಗೆ ಹೇಳಿದ ಹಾಗೆ. ಮೆಲ್ಲಗೆ ಮಾತಾಡು ಅಂದರೆ ದನಿಯ ಜೊತೆಗೆ ಜೀವವೂ ಹೋಗುತ್ತಿತ್ತು. ಕೊನೆಗೆ ಅವನ ಎದುರಿಗೆ, ಮೈಕಿನ ಆಚೆ ಕಡೆ, 6ನೇ ತರಗತಿಯ ಅವನ ತಂಗಿಯನ್ನು ತಂದು ನಿಲ್ಲಿಸಿದೆ. 'ಅವ್ವ ಮಲಗ್ಯಾಳ, ಆಕೆಗೆ ಎಚ್ಚರ ಆಗದಂಗ ತಂಗಿಗೆ ಹೇಳು' ಅಂದೆ. ಮೊದಲ ಸಾಲಿಗೇ ಕೋಣೆಯಲ್ಲಿದ್ದ ಮಕ್ಕಳೆಲ್ಲ ತಲೆ ಎತ್ತಿ ನೋಡಿದರು. ಆವತ್ತಿನಿಂದ ನಾನು 'ಜೋರಾಗಿ', 'ಮೆಲ್ಲಗೆ' ಅನ್ನೋ ಮಾತನ್ನೇ ಬಿಟ್ಟಿದ್ದೇನೆ. ಯಾರಿಗೆ ಹೇಳ್ತಿದೀಯಾ, ಅವರು ಎಷ್ಟು ದೂರ ಇದ್ದಾರೆ, ಇಷ್ಟೇ ಕೇಳುತ್ತೇನೆ.

ಸಾಧ್ಯವಾದರೆ ಮಕ್ಕಳನ್ನು ಒಂದು ದಿನ ವಿಜಯಪುರಕ್ಕೆ ಕರಕೊಂಡು ಹೋಗಿ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಗೋಳಗುಮ್ಮಟ ಹತ್ತಿ. ಜನ ಜಾಸ್ತಿಯಾದರೆ ಬರೀ ಕೂಗಾಟ, ಏನೂ ಕೇಳಿಸಲ್ಲ. ಗೋಡೆಗೆ ಬಾಯಿ ಹತ್ತಿರ ಇಟ್ಟು ಪಿಸುಗುಟ್ಟಿದರೆ ಸುಮಾರು 38 ಮೀಟರ್ ಆಚೆ, ಎದುರು ಗೋಡೆಗೆ ಕಿವಿ ಕೊಟ್ಟವರಿಗೆ ಸ್ಪಷ್ಟ ಕೇಳುತ್ತೆ. ಕೂಗಿದರೆ ಮಾತು ಏಳೆಂಟು ಸಲ ತಿರುಗಿ ಬಂದು ಕಲಸಿಹೋಗುತ್ತೆ. ದನಿಯ ಬಗ್ಗೆ ನೀವು ತಿಂಗಳಿಡೀ ಹೇಳಬೇಕಾದ್ದನ್ನು ಆ ಗುಮ್ಮಟ ಹತ್ತು ನಿಮಿಷದಲ್ಲಿ ಹೇಳಿಕೊಡುತ್ತೆ.

ಇನ್ನು ಕಥೆ. ರೇಡಿಯೋಗೆ ಅಂತಲೇ ಬರೆದ ಮೊದಮೊದಲ ನಾಟಕಗಳಲ್ಲಿ ಒಂದನ್ನು ಲಂಡನ್ನಿನ ಬಿಬಿಸಿ 1924ರ ಜನವರಿಯಲ್ಲಿ ಪ್ರಸಾರ ಮಾಡಿತು. ರಿಚರ್ಡ್ ಹ್ಯೂಸ್ ಬರೆದದ್ದು. ಕಥೆ ನಡೆಯೋದು ಕಲ್ಲಿದ್ದಲ ಗಣಿಯೊಳಗೆ, ದೀಪ ಆರಿಹೋದ ಮೇಲೆ. ಪಾತ್ರಗಳಿಗೂ ಏನೂ ಕಾಣಲ್ಲ, ಕೇಳುವವರಿಗೂ ಕಾಣಲ್ಲ, ಇಬ್ಬರೂ ಒಂದೇ ಕತ್ತಲಲ್ಲಿ. ಎಷ್ಟು ಸರಿಯಾದ ಜಾಗ ಹುಡುಕಿದ್ದಾರೆ ನೋಡಿ. ನೀವೂ ಹಾಗೇ ಯೋಚನೆ ಮಾಡಿ. ಕರೆಂಟ್ ಹೋದ ರಾತ್ರಿ, ಹಾಳು ಬಾವಿ, ಹೊಲ ಕಾಯುವ ಗುಡಿಸಲು, ಮಂಜು ಬಿದ್ದ ಹೊಳೆದಂಡೆ. ಹೊಡೆದಾಟ, ಕುಣಿತ, ಒಮ್ಮೆಗೇ ಹತ್ತು ಜನ ಬಂದು ಹೋಗುವ ದರ್ಬಾರು, ಇವು ಬೇಡ.

ನನ್ನನ್ನು ಕೇಳಿದರೆ ಕಥೆಯನ್ನು ಪುಸ್ತಕದಿಂದ ತರಲೇಬೇಡಿ. ನಿಮ್ಮ ಜಿಲ್ಲೆಯಲ್ಲೇ ಇದೆಯಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿ ಹೋದವು, ಸುತ್ತಲಿನ ಊರುಗಳು ಹೋದವು, ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಬಂದರು. ನಿಮ್ಮ 22 ಮಕ್ಕಳಲ್ಲಿ ಕೆಲವರ ಮನೆಯಲ್ಲಾದರೂ ಆ ದಿನದ ಕಥೆ ಹೇಳೋ ಆಯಿ, ಮುತ್ಯಾ ಇದ್ದೇ ಇರುತ್ತಾರೆ. ಮಕ್ಕಳಿಗೆ ಒಂದೇ ಪ್ರಶ್ನೆ ಕೊಟ್ಟು ಕಳಿಸಿ: 'ಆ ಊರಾಗ ಮುಂಜಾನೆ ಏನು ಕೇಳಸ್ತಿತ್ತು?' ಏನು ಕಾಣಿಸುತ್ತಿತ್ತು ಅಂತ ಕೇಳಬೇಡಿ. ಗುಡಿ ಗಂಟೆ, ಬಾಂಗು, ಮಗ್ಗದ ಸದ್ದು, ಹೊಳೆ ದಾಟಿಸುವ ಅಂಬಿಗನ ಕೂಗು, ಎಲ್ಲ ಬರುತ್ತೆ. ನಿಮ್ಮ ನಾಟಕದ ಅರ್ಧ ಅಲ್ಲೇ ಸಿಗುತ್ತೆ.

ಬರೆಯೋದು ಹೇಗೆ ಅಂತ ಒಂದು ಚಿಕ್ಕ ತುಣುಕು ತೋರಿಸುತ್ತೇನೆ. ರಂಗದ ನಾಟಕದಲ್ಲಾದರೆ, ಅಜ್ಜಿ ಮನೆಗೆ ಕೀಲಿ ಹಾಕಿ, ಬಾಗಿಲನ್ನೇ ನೋಡುತ್ತ ಕಣ್ಣೀರು ಒರೆಸಿಕೊಳ್ಳುತ್ತಾಳೆ ಅಂತ ಬರೆದು ಬಿಡಬಹುದು. ರೇಡಿಯೋದಲ್ಲಿ ಆ ಕಣ್ಣೀರು ಯಾರಿಗೂ ಕಾಣಲ್ಲ. ಹೀಗೆ ಬರೆದು ನೋಡಿ:

(ಚಿಲಕ ಬೀಳುವ ಸದ್ದು. ಕೀಲಿ ತಿರುಗುತ್ತದೆ. ಸ್ವಲ್ಪ ತಡೆದು, ಎಳೆದು ನೋಡುವ ಸದ್ದು.)

ಮೊಮ್ಮಗ: ಆಯಿ, ಕೀಲಿ ಯಾಕ ಹಾಕ್ತಿ? ಎಂಟು ದಿನಕ್ಕ ಮನಿ ನೀರಾಗ ಹೋಗತೈತಿ.

ಆಯಿ: ಹೋಗಲಿ. ನೀರು ಬಂದ್ರೂ ಬಾಗಲಾ ಬಡದು ಬರಲಿ.

(ಕೀಲಿಕೈ ಸೆರಗಿಗೆ ಕಟ್ಟಿಕೊಳ್ಳುವಾಗಿನ ಬಳೆ ಸದ್ದು. ದೂರದಲ್ಲಿ ಟ್ರ್ಯಾಕ್ಟರ್ ಹಾರ್ನ್.)

ಇಲ್ಲಿ ಕೀಲಿಯನ್ನು ಎಳೆದು ನೋಡುವ ಸದ್ದೇ ಅಜ್ಜಿಯ ಅಳು. ಮಾತು ಎರಡೇ ಸಾಲು. 'ಅಯ್ಯೋ ನನಗೆ ಎಷ್ಟು ದುಃಖ ಆಗ್ತಿದೆ' ಅಂತ ಆಕೆ ಹೇಳಬೇಕಿಲ್ಲ. ಹಾಗೇ ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ: ಕಣ್ಣಿಗೆ ಕಾಣೋದನ್ನೆಲ್ಲ ಪಾತ್ರದ ಬಾಯಲ್ಲಿ ತುರುಕೋದು. 'ಅಗೋ, ಬಿಳಿ ರುಮಾಲು ಸುತ್ತಿದ ಗೌಡರು ಬಲಗಡೆಯಿಂದ ಬರುತ್ತಿದ್ದಾರೆ' ಅಂತ ಭೂಮಿ ಮೇಲೆ ಯಾರೂ ಮಾತಾಡಲ್ಲ. 'ಗೌಡ್ರ ಚಪ್ಪಲಿ ಸಪ್ಪಳ, ಸುಮ್ಕಿರು' ಅಂದರೆ ಸಾಕು.

ಮಾತು ನಿಮ್ಮ ಮಕ್ಕಳ ಮಾತೇ ಇರಲಿ. ರೇಡಿಯೋ ಅಂದ ಕೂಡಲೇ ಪುಸ್ತಕದ ಕನ್ನಡ ಬಂದುಬಿಡುತ್ತೆ, ಅದು ಬೇಡ. ಧಾರವಾಡ ಆಕಾಶವಾಣಿ 1950ರಿಂದ ಇದೆ. ಅಲ್ಲಿ ಬಂದ ಉತ್ತರ ಕರ್ನಾಟಕದ ಮಾತಿನ ನಾಟಕಗಳನ್ನು ಕೇಳುತ್ತಲೇ ನಮ್ಮ ಹಿಂದಿನ ತಲೆಮಾರು ಬೆಳೆಯಿತು. 'ಬರ್ರಿ', 'ಹೋಗೂಣು', 'ಐತಿ' ಅನ್ನೋದಕ್ಕೆ ಮಕ್ಕಳು ನಾಚಿಕೊಳ್ಳೋ ಹಾಗಾಗಬಾರದು.

ಒಂದು ದೃಶ್ಯಕ್ಕೆ ಮೂರೇ ಪಾತ್ರ, ಹೆಚ್ಚೆಂದರೆ ನಾಲ್ಕು. ಅದಕ್ಕಿಂತ ಜಾಸ್ತಿಯಾದರೆ ಯಾರು ಯಾರು ಅಂತ ತಿಳಿಯಲ್ಲ. ಒಂದು ಪಾತ್ರ ಅರ್ಧ ನಿಮಿಷ ಮಾತಾಡದೆ ಇದ್ದರೆ ಕೇಳುವವರ ಪಾಲಿಗೆ ಆತ ಎದ್ದು ಹೋದ ಹಾಗೇ. ಒಂದು ಹೂಂಗುಟ್ಟು, ಒಂದು ಕೆಮ್ಮು ಕೊಡಿ. ಮೊದಲ ಎರಡು ಮೂರು ಮಾತಿನಲ್ಲೇ ಒಬ್ಬರ ಹೆಸರು ಇನ್ನೊಬ್ಬರು ಕರೆಯಲಿ. 13-14 ವಯಸ್ಸಿನ ಹುಡುಗ ಹುಡುಗಿಯರ ದನಿ ಒಂದೇ ಥರ ಕೇಳಿಸೋದು ಸಹಜ, ಹಾಗಾಗಿ ದನಿಗಿಂತ ಮಾತಿನ ಓಟದಲ್ಲಿ ವ್ಯತ್ಯಾಸ ತನ್ನಿ. ಒಬ್ಬ ಗಡಿಬಿಡಿ, ಒಬ್ಬಳು ತಡೆತಡೆದು. ದನಿ ಒಡೆಯುತ್ತಿರುವ ಹುಡುಗರನ್ನು ದಯವಿಟ್ಟು ಹಿಂದೆ ಸರಿಸಬೇಡಿ. ಅಂಥ ಹುಡುಗನಿಗೆ ಅವನ ವಯಸ್ಸಿನದೇ ಪಾತ್ರ ಕೊಡಿ. ದನಿ ಜಾರಿದಾಗ ಅದು ಪಾತ್ರದ್ದೇ ಆಗುತ್ತೆ.

ಈಗ ನಿಮ್ಮ ಫೋನಿನ ಪ್ರಶ್ನೆ. ಸಾಲಲ್ಲ ಮೇಡಂ. ನಾನು ಇದನ್ನು ಕಷ್ಟಪಟ್ಟು ಕಲಿತಿದ್ದೇನೆ. ಒಂದು ಶಾಲೆಯಲ್ಲಿ ಗುಡುಗನ್ನು ಬ್ಲೂಟೂತ್ ಸ್ಪೀಕರಿಗೆ ಬಿಟ್ಟಿದ್ದೆವು. ಬ್ಲೂಟೂತಿನಲ್ಲಿ ಸದ್ದು ಕೊಂಚ ತಡವಾಗಿ ಬರುತ್ತೆ, ಹುಡುಗಿ ಬೆಚ್ಚಿ ಕೂಗಿದ ಮೇಲೆ ಗುಡುಗು ಬಂತು. ಮುಂದಿನ ದೃಶ್ಯದಲ್ಲಿ ಮಳೆಯ ಬದಲು ಒಂದು ಜಾಹೀರಾತು ಶುರುವಾಯಿತು. ಆ ಹುಡುಗಿ ಆರು ವಾರ ಕಷ್ಟಪಟ್ಟಿದ್ದಳು, ವೇದಿಕೆ ಇಳಿದು ಅತ್ತಳು. ಅದು ಅವಳ ತಪ್ಪಲ್ಲ, ನಮ್ಮ ತಪ್ಪು. ಆಮೇಲೆ ಎಲ್ಲ ಸದ್ದೂ ಕೈಯಿಂದಲೇ. ಟ್ರ್ಯಾಕ್ಟರ್, ರೈಲು ಥರದ್ದು ಮಾತ್ರ ಫೋನಿನಿಂದ, ಅದೂ ಮೊದಲೇ ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡಿಗೆ ಹಾಕಿ, ವೈರಿನಲ್ಲಿ ಮಿಕ್ಸರಿಗೆ ಜೋಡಿಸಿ.

ಕೈ ಸದ್ದಿಗೆ ಇನ್ನೊಂದು ಕಾರಣ ಇದೆ. ಜನ ನೋಡೋದು ಅದನ್ನೇ! ಮಾತಿನವರು ನಿಂತಲ್ಲೇ ನಿಂತಿರುತ್ತಾರೆ, ಸದ್ದಿನವರ ಕೈ ಓಡುತ್ತಿರುತ್ತೆ. ಅವರ ಮೇಜನ್ನು ಪರದೆ ಹಿಂದೆ ಬಚ್ಚಿಡಬೇಡಿ, ವೇದಿಕೆಯ ಮುಂದೆ ಒಂದು ಬದಿಗೆ, ಎಲ್ಲರಿಗೂ ಕಾಣೋ ಹಾಗೆ ಇಡಿ. ಒಂದು ಮೈಕು ಪೂರ್ತಿ ಅವರಿಗೇ ಬಿಡಿ.

ಮಳೆಗೆ ಒಂದು ಮೊರ, ಒಂದು ಹಿಡಿ ಕಾಳು. ನಮ್ಮ ಮಕ್ಕಳು ತಾವೇ ಕಂಡುಕೊಂಡದ್ದು ಇದು: ಸಜ್ಜೆ ಹಾಕಿದರೆ ಜಿಟಿಜಿಟಿ ಮಳೆ, ಜೋಳ ಹಾಕಿದರೆ ದಪ್ಪ ಹನಿ, ಕಡಲೆ ಹಾಕಿದರೆ ಆಲಿಕಲ್ಲು. ಮೊರವನ್ನು ಅಲ್ಲಾಡಿಸಬಾರದು, ಹಾಗೆ ಮಾಡಿದರೆ ಕೇರಿದ ಸದ್ದೇ ಬರುತ್ತೆ. ಎರಡೂ ಕೈಯಲ್ಲಿ ಹಿಡಿದು ಒಂದು ಕಡೆಗೆ ಮೆಲ್ಲಗೆ ವಾಲಿಸಬೇಕು, ಕಾಳು ಉರುಳಿ ಆ ಅಂಚಿಗೆ ಮುಟ್ಟುವ ಮೊದಲೇ ವಾಪಸ್ ವಾಲಿಸಬೇಕು. ಅಂಚಿಗೆ ಬಡಿದರೆ ಮಳೆ ಮುಗಿಯಿತು. ಒಬ್ಬಳು ಹುಡುಗಿ ಇದನ್ನು ನಾಲ್ಕು ನಿಮಿಷ ಒಂದೇ ಸಮ ಮಾಡುತ್ತಿದ್ದಳು, ಮಾತಿನವರು ದನಿ ತಗ್ಗಿಸಿದಾಗ ಅವಳ ಮಳೆಯೂ ತಗ್ಗುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಳು, ಅಷ್ಟೇ.

ಗುಡುಗಿಗೆ ಮೂರು ನಾಲ್ಕು ಅಡಿಯ ತೆಳು ತಗಡು, ಒಂದು ಅಂಚು ಹಿಡಿದು ತೂಗುಬಿಟ್ಟು ಅಲ್ಲಾಡಿಸೋದು. ಕುದುರೆಗೆ ತೆಂಗಿನ ಪರಟಿ. ಬೆಂಕಿಗೆ ಬಿಸ್ಕಿಟ್ ಪ್ಯಾಕೆಟ್ಟಿನ ಹಾಳೆ ಮುದ್ದೆ ಮಾಡಿ ಮೈಕಿನ ಹತ್ತಿರ ಬಿಚ್ಚೋದು, ನಡುನಡುವೆ ಒಣ ತೊಗರಿ ಕಡ್ಡಿ ಲಟಕ್ಕನೆ ಮುರಿಯೋದು. ಎಲುಬು ಮುರಿದ ಸದ್ದಿಗೆ ಗಜ್ಜರಿ (ಕ್ಯಾರೆಟ್) ಮುರಿಯೋದು. ನಡೆಯೋದಕ್ಕೆ ಒಂದು ಅಗಲ ಬುಟ್ಟಿಯಲ್ಲಿ ಗರಸು ಮಣ್ಣು ತುಂಬಿ ಅದರಲ್ಲಿ ಚಪ್ಪಲಿ ಒತ್ತಿ. ಬಾವಿಯೊಳಗಿನ ಮಾತಿಗೆ ಖಾಲಿ ಕೊಡದ ಬಾಯಿಗೆ ಮುಖ ಇಟ್ಟು ಮಾತಾಡಿಸಿ. ಚಕ್ಕಡಿಗೆ ಎತ್ತಿನ ಗಂಟೆ, ಗೆಜ್ಜೆ. ಆದರೆ ಗಂಟೆ ಹೆಜ್ಜೆಯ ಲಯಕ್ಕೆ ಆಡಬೇಕು, ಪೂಜೆಯ ಗಂಟೆಯ ಹಾಗೆ ಆಡಬಾರದು. ಇಳಕಲ್ಲು, ಗುಳೇದಗುಡ್ಡದ ಮಕ್ಕಳಿದ್ದರೆ ಮಗ್ಗದ ಸದ್ದು ಅವರಿಗೇ ಬಿಡಿ. ಲಾಳಿ ಹೋಗಿ ಬಡಿಯೋದು ಯಾವ ಲಯದಲ್ಲಿ ಅಂತ ಅವರ ಕೈಗೇ ಗೊತ್ತು. ಎರಡು ಕಟ್ಟಿಗೆ ಪಟ್ಟಿ ಕೊಟ್ಟರೆ ಸಾಕು, ಮಗ್ಗ ಕೂರಿಸಿಬಿಡುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸದ್ದು ರೊಟ್ಟಿ ಬಡಿಯೋದು. ನಿಜವಾದ ಹಿಟ್ಟು, ನಿಜವಾದ ಕೊಣಮಿಗೆ (ರೊಟ್ಟಿ ಬಡಿಯೋ ಮರದ ತಟ್ಟೆ), ಮೈಕು ಒಂದು ಮೊಳ ದೂರ. ಪಟ ಪಟ ಪಟ ಅಂತ ಶುರುವಾದರೆ ಇದು ಯಾವ ಊರು, ಯಾವ ಹೊತ್ತು, ಯಾರ ಮನೆ ಅಂತ ಯಾರೂ ಹೇಳಬೇಕಿಲ್ಲ. ಕೆಟ್ಟ ಸುದ್ದಿ ಬಂದಾಗ ಪಾತ್ರ ಏನೂ ಹೇಳೋದು ಬೇಡ. ಬಡಿಯೋ ಸದ್ದು ನಿಲ್ಲಲಿ.

ನಿಲ್ಲೋದು ಅಂದೆನಲ್ಲ, ಮೌನವೂ ಒಂದು ಸದ್ದೇ. 1938ರಲ್ಲಿ ಅಮೆರಿಕದಲ್ಲಿ ಆರ್ಸನ್ ವೆಲ್ಸ್ ಮಂಗಳ ಗ್ರಹದವರು ದಾಳಿ ಮಾಡಿದ ನಾಟಕವನ್ನು ನೇರ ಪ್ರಸಾರ ಮಾಡಿದಾಗ, ವರದಿಗಾರನ ಮಾತು ಅರ್ಧಕ್ಕೆ ಕತ್ತರಿಸಿ ಕೆಲವು ಸೆಕೆಂಡು ಏನೂ ಇಲ್ಲದ ಹಾಗೆ ಬಿಟ್ಟರು. ಕೇಳುವವರ ಎದೆ ನಡುಗಿದ್ದು ಅಲ್ಲಿ. ಮಕ್ಕಳಿಗೆ ಮೌನ ಅಂದರೆ ಭಯ, ಯಾರೋ ಮಾತು ಮರೆತರು ಅಂದುಕೊಳ್ಳುತ್ತಾರೆ. ಹಾಗಾಗಿ ಹಾಳೆಯಲ್ಲಿ 'ಮೌನ, 4 ಎಣಿಸಿ' ಅಂತಲೇ ಬರೆದುಕೊಡಿ.

ಮೈಕಿನ ಕೆಲಸ ಬೇಗ ಹೇಳಿಬಿಡುತ್ತೇನೆ. ಎರಡು ಮೈಕು ಮಾತಿಗೆ, ಒಂದು ಸದ್ದಿಗೆ. ಇನ್ನೂ ಮೈಕು ಬಾಡಿಗೆ ತರೋದು ಬೇಡ. ಆನ್ ಇರುವ ಮೈಕು ಹೆಚ್ಚಿದಷ್ಟೂ ಕುಂಯ್ ಅನ್ನೋದು ಹೆಚ್ಚು. ಸ್ಪೀಕರ್‌ಗಳು ಯಾವಾಗಲೂ ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿ ಇರಲಿ. ಬಾಯಿಗೂ ಮೈಕಿಗೂ ಒಂದು ಗೇಣು, ಒಂದು ಮೈಕಿಗೂ ಇನ್ನೊಂದು ಮೈಕಿಗೂ ಕನಿಷ್ಠ ಮೂರು ಗೇಣು. ಎತ್ತರ ಒಂದೇ ಇರುವ ಮಕ್ಕಳನ್ನು ಒಂದೇ ಮೈಕಿಗೆ ಹಾಕಿ, ಇಲ್ಲಾಂದ್ರೆ ನಾಟಕದುದ್ದಕ್ಕೂ ಸ್ಟ್ಯಾಂಡ್ ಏರಿಸೋದು ಇಳಿಸೋದೇ ಆಗುತ್ತೆ. ಪ, ಫ, ಬ, ಭ ಬಂದಾಗ ಮೈಕಿನಲ್ಲಿ ಗಾಳಿ ಬಡಿದು ಡಬ್ ಅನ್ನುತ್ತೆ. ಮೈಕಿಗೆ ನೇರ ಮಾತಾಡದೆ ಅದರ ಪಕ್ಕಕ್ಕೆ ಮಾತಾಡಿದರೆ ಅದು ಹೋಗುತ್ತೆ. ಕೂಗುವಾಗ ಒಂದು ಹೆಜ್ಜೆ ಹಿಂದೆ ಸರಿದು ಮುಖ ತಿರುಗಿಸಬೇಕು, ಗುಟ್ಟು ಹೇಳುವಾಗ ಹತ್ತಿರ ಬರಬೇಕು. ದೂರದಿಂದ ನಡೆದು ಬರುವ ಪಾತ್ರ ನಿಜವಾಗಲೂ ವೇದಿಕೆಯ ಆ ತುದಿಯಿಂದ ಮಾತಾಡುತ್ತ ಮೈಕಿಗೆ ಬರಲಿ. ಈ ಹೆಜ್ಜೆಗಳನ್ನು ಕುಣಿತದ ಹಾಗೆ ತಾಲೀಮು ಮಾಡಿಸಿ. ಜನ ನೋಡೋದಕ್ಕೂ ಅದು ಚೆಂದ.

ಹಾಳೆಗೆ ಪಿನ್ ಹೊಡೆಯಬೇಡಿ. ಒಂದೇ ಬದಿಗೆ, ದಪ್ಪ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ರಟ್ಟಿನ ಮೇಲೆ ಇಟ್ಟುಕೊಂಡು ಮುಗಿದ ಹಾಳೆಯನ್ನು ಹಿಂದಕ್ಕೆ ಸರಿಸಲಿ. ಒಂದು ಮಾತು ಎರಡು ಹಾಳೆಗೆ ಹಂಚಿಹೋಗದ ಹಾಗೆ ನೋಡಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಸರಸರ ಸದ್ದು, ಅದು ಬೇಡವೇ ಬೇಡ. ತಮ್ಮ ಮಾತಿಗೆ ಬಣ್ಣ ಹಚ್ಚಿಕೊಳ್ಳೋದು ಎಲ್ಲ ಮಕ್ಕಳ ಅಭ್ಯಾಸ. ನಾನು ಹೇಳೋದು, ತಮ್ಮ ಮಾತಿನ ಹಿಂದಿನ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ ಅಂತ. ಅದನ್ನು ಕೇಳಿಸಿಕೊಂಡರೆ ತಾನೇ ಇವರ ಮಾತು ಹುಟ್ಟೋದು?

ತಾಲೀಮಿನಲ್ಲಿ ನೀವು ಮಕ್ಕಳ ಎದುರು ಕೂರಬೇಡಿ. ವೈರು ಎಳೆದು ಒಂದು ಸ್ಪೀಕರನ್ನು ಪಕ್ಕದ ಕ್ಲಾಸಿಗೆ ಇಡಿಸಿ, ಅಲ್ಲಿ ಕೂತು ಕೇಳಿ. ಮುಖ ಕಂಡರೆ ನಮಗೆ ಎಲ್ಲ ಅರ್ಥವಾದ ಹಾಗೆ ಅನಿಸುತ್ತೆ, ಅದು ಮೋಸ. ಗೋಡೆಯಾಚೆ ಅರ್ಥವಾಗದೆ ಹೋದದ್ದು ಏನು ಅಂತ ಬರೆದುಕೊಂಡು ಬನ್ನಿ. ಆವತ್ತು ಪಾತ್ರವಿಲ್ಲದ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ, ಅವರ ಕಿವಿ ನಮ್ಮದಕ್ಕಿಂತ ಚುರುಕು. ನಾಟಕದ ದಿನ ನಿರ್ದೇಶನ ಒಬ್ಬ ವಿದ್ಯಾರ್ಥಿಗೇ ಕೊಡಿ. ರೇಡಿಯೋ ಸ್ಟುಡಿಯೋದ ಕೈಸನ್ನೆಗಳು ಹಳೆಯವು, ಸುಲಭ: ಬೆರಳು ತೋರಿಸಿದರೆ ನಿನ್ನ ಸರದಿ, ಬೆರಳು ಗರಗರ ತಿರುಗಿಸಿದರೆ ಬೇಗ, ಎರಡು ಕೈಯಿಂದ ದಾರ ಎಳೆದ ಹಾಗೆ ಮಾಡಿದರೆ ನಿಧಾನ, ಕತ್ತಿನ ಮುಂದೆ ಕೈ ಆಡಿಸಿದರೆ ನಿಲ್ಲಿಸು. ಒಟ್ಟು ನಾಟಕ 20 ರಿಂದ 25 ನಿಮಿಷ ಇರಲಿ, ಜಾಸ್ತಿ ಬೇಡ.

22 ಮಕ್ಕಳಿಗೂ ಕೆಲಸ ಸಿಗುತ್ತೆ. ಎಂಟೊಂಬತ್ತು ಜನ ಮಾತಿಗೆ, ಐದಾರು ಜನ ಸದ್ದಿಗೆ, ಇಬ್ಬರು ಮೂವರು ಹಾಡೋಕೆ, ಹಲಗೆ ಬಾರಿಸೋಕೆ, ಒಬ್ಬರು ಮಿಕ್ಸರಿಗೆ, ಒಬ್ಬರು ನಿರ್ದೇಶನಕ್ಕೆ. ಉಳಿದವರು ಜನರನ್ನು ನೋಡಿಕೊಳ್ಳಲಿ. ಅಂದರೆ, ನಾಟಕ ಶುರುವಾಗುವ ಮೊದಲು ಪ್ರೇಕ್ಷಕರಿಗೇ ಒಂದು ಪಾತ್ರ ಕೊಡಿ. ಬೋರ್ಡಿನಲ್ಲಿ 'ಸಂತೆ' ಅಂತ ಎತ್ತಿದರೆ ಎಲ್ಲರೂ ಗುಜುಗುಜು ಮಾಡಬೇಕು, 'ಸುಮ್ಮನೆ' ಅಂತ ಎತ್ತಿದರೆ ನಿಲ್ಲಿಸಬೇಕು. ಐದು ನಿಮಿಷ ಕಲಿಸಿದರೆ ತಂದೆ ತಾಯಿ ಎಲ್ಲ ಸೇರಿ ಎಂಥಾ ಸಂತೆ ಕಟ್ಟುತ್ತಾರೆ ಅಂದರೆ, ಯಾವ ಫೋನಿನಲ್ಲೂ ಅದು ಸಿಗಲ್ಲ.

ಹಕ್ಕಿನ ವಿಷಯ ಮರೆಯಬೇಡಿ. ಬೇರೆಯವರ ಕಥೆ ತಗೊಂಡರೆ, ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಅದರ ಹಕ್ಕು ಇರುತ್ತೆ. ಶಾಲೆಯಲ್ಲಿ, ಶಿಕ್ಷಕರು, ಮಕ್ಕಳು, ಪೋಷಕರ ಎದುರು ಮಾತ್ರ ಆಡಿದರೆ ಕಾನೂನಿನಲ್ಲಿ ವಿನಾಯಿತಿ ಇದೆ. ಆದರೆ ಅದನ್ನೇ ಯೂಟ್ಯೂಬಿಗೆ ಹಾಕೋದು, ರೇಡಿಯೋಗೆ ಕೊಡೋದು ಅಂದರೆ ಒಪ್ಪಿಗೆ ಬೇಕು. ಮಕ್ಕಳೇ ಬರೆದರೆ ಈ ತೊಂದರೆಯೇ ಇಲ್ಲ. ಮಿಕ್ಸರಿನಿಂದ ನೇರ ಲ್ಯಾಪ್‌ಟಾಪಿಗೆ ವೈರು ಕೊಟ್ಟು ರೆಕಾರ್ಡ್ ಮಾಡಿ, ಚೆನ್ನಾಗಿ ಬಂದರೆ ಬೆಳಗಾವಿಯ ಕೆಎಲ್‌ಇ ವೇಣುಧ್ವನಿ 90.4 ಎಫ್ಎಂ ಥರದ ಸಮುದಾಯ ರೇಡಿಯೋದವರನ್ನು ಕೇಳಿ ನೋಡಿ. ಪೋಷಕರ ಒಪ್ಪಿಗೆ ಬರಹದಲ್ಲಿ ತಗೊಂಡಿರಿ.

ನಾಟಕದ ದಿನ ಫ್ಯಾನು ಬಂದ್ ಮಾಡಿಸಿ, ಮೈಕಿಗೆ ಅದೇ ದೊಡ್ಡ ಗಾಳಿ. ಮೊದಲ ಒಂದು ನಿಮಿಷ ಹಾಲಿನ ದೀಪ ಎಲ್ಲ ಆರಿಸಿ, ರೊಟ್ಟಿ ಬಡಿಯೋದರಿಂದಲೋ ಮೊರದ ಮಳೆಯಿಂದಲೋ ಶುರು ಮಾಡಿ. ಆಮೇಲೆ ದೀಪ ಬರಲಿ.

ಇನ್ನೊಂದು, ಕರೆಂಟ್ ಹೋದರೆ ಏನು ಅಂತ ಮೊದಲೇ ಮಾತಾಡಿಕೊಂಡಿರಿ. ನಿರ್ದೇಶನದ ಹುಡುಗ ಅಥವಾ ಹುಡುಗಿ ಎರಡೂ ಕೈ ಮೇಲೆತ್ತಿದ ಕೂಡಲೇ ಎಲ್ಲರೂ ಮೈಕು ದಾಟಿ ವೇದಿಕೆಯ ಅಂಚಿಗೆ ಬರಲಿ, ಮೊರ, ತಗಡು, ಪರಟಿ ಅವರ ಜೊತೆ ಬರಲಿ. ಆಗ ಆ ಕಂಪನಿ ದನಿ ತೆಗೆಯೋಕೆ ಹೇಳಿ. ಒಂದೆರಡು ತಾಲೀಮು ಹಾಗೇ ಮೈಕಿಲ್ಲದೆ ಮಾಡಿಸಿಟ್ಟಿರಿ.